ಹಲ್ಲಿನ ಹುಳುಕಿಗೆ ಲಸಿಕೆ ಇಲ್ಲ, ಎಚ್ಚರವೇ ಮದ್ದು

ಕರು ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಾಯಿಯ ರೋಗನಿರೋಧಕ ಶಕ್ತಿ ಕರುವಿಗೆ ಗರ್ಭದಲ್ಲಿ ಸಿಗುವುದಿಲ್ಲ, ಗಿಣ್ಣಿನಲ್ಲೇ ಸಿಗಬೇಕು. ಕಾಲುಬಾಯಿ ಜ್ವರದ ಲಸಿಕೆಯನ್ನೂ ಆರು ತಿಂಗಳಿಗೊಮ್ಮೆ ಹಾಕಿಸುತ್ತೇವೆ. ಹಟ್ಟಿಯಲ್ಲಿ ಇಷ್ಟು ಎಚ್ಚರವಿರುವ ನಾವು ಮಗುವಿನ ಹಲ್ಲು ಕಪ್ಪಾದರೆ ಮಾತ್ರ ‘ಹಾಲುಹಲ್ಲು ತಾನೇ, ಬಿದ್ದುಹೋಗುತ್ತದೆ’ ಎಂದು ಸುಮ್ಮನಿರುತ್ತೇವೆ. ಇದು ಸರಿಯಲ್ಲ.

ಹುಳುಕು ಎಂದು ಕರೆದರೂ ಹಲ್ಲಿನಲ್ಲಿ ಹುಳ ಇರುವುದಿಲ್ಲ. ಇದಕ್ಕೆ ಮುಖ್ಯ ಕಾರಣ ಸ್ಟ್ರೆಪ್ಟೊಕಾಕಸ್ ಮ್ಯೂಟಾನ್ಸ್ ಎಂಬ ಬ್ಯಾಕ್ಟೀರಿಯಾ. 1924ರಲ್ಲಿ ಕ್ಲಾರ್ಕ್ ಎಂಬ ವಿಜ್ಞಾನಿ ಇದನ್ನು ಗುರುತಿಸಿದರು. ಅದು ಸಕ್ಕರೆಯನ್ನು ಹುಳಿ ಮಾಡುತ್ತದೆ; ಆ ಹುಳಿ ಹಲ್ಲನ್ನು ಕರಗಿಸುತ್ತದೆ. ನಮ್ಮ ಜೊಲ್ಲಿನಲ್ಲಿ ಐಜಿಎ ಎಂಬ ಪ್ರತಿಕಾಯವಿದೆ. ಬ್ಯಾಕ್ಟೀರಿಯಾ ಹಲ್ಲಿಗೆ ಅಂಟದಂತೆ ಅದು ತಡೆಯುತ್ತದೆ. ಜೊಲ್ಲು ಹುಳಿಯನ್ನೂ ತೊಳೆಯುತ್ತದೆ. ಆದರೆ ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆಯಾಗುತ್ತದೆ. ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಗುವನ್ನು ಮಲಗಿಸಿದರೆ, ಕಾವಲುಗಾರ ಇಲ್ಲದ ಹೊತ್ತಿನಲ್ಲಿ ಕಳ್ಳನಿಗೆ ಊಟ ಬಡಿಸಿದಂತೆ.

ಲಸಿಕೆಗಾಗಿ ವಿಜ್ಞಾನಿಗಳು ದಶಕಗಳಿಂದ ಪ್ರಯತ್ನಿಸಿದ್ದಾರೆ. ಫಿನ್ಲೆಂಡಿನಲ್ಲಿ ಹಸುಗಳಿಗೇ ಈ ಬ್ಯಾಕ್ಟೀರಿಯಾದ ವಿರುದ್ಧ ಲಸಿಕೆ ಕೊಟ್ಟು, ಅವುಗಳ ಗಿಣ್ಣಿನಲ್ಲಿ ಬಂದ ಪ್ರತಿಕಾಯವನ್ನು ಪರೀಕ್ಷಿಸಿದರು. ಆದರೂ ಜನರಿಗೆ ಕೊಡುವ ಲಸಿಕೆ ಇಂದಿಗೂ ಬಂದಿಲ್ಲ. ನಮ್ಮ ಮನೆಯ ಗಿಣ್ಣು ಹಲ್ಲಿಗೆ ಮದ್ದು ಎಂದು ಯಾರೂ ತಿಳಿಯಬಾರದು.

ಇದರಲ್ಲಿ ಹಾಲಿನ ತಪ್ಪಿಲ್ಲ. ಹಾಲಿನ ಕ್ಯಾಲ್ಸಿಯಂ ಹಲ್ಲಿಗೆ ಒಳ್ಳೆಯದು. ಸಕ್ಕರೆ ಹಾಕದೆ ಲೋಟದಲ್ಲಿ ಕುಡಿಸಿ, ಆಮೇಲೆ ಹಲ್ಲುಜ್ಜಿಸಿ ಮಲಗಿಸಿ. ಬರೀ ಹಾಲಾದರೂ ಬಾಟಲಿ ಬಾಯಲ್ಲೇ ಇರಬಾರದು. ಮೊದಲ ಹಲ್ಲು ಮೂಡಿದಾಗಿನಿಂದಲೇ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟಿನಿಂದ ದಿನಕ್ಕೆರಡು ಸಲ ಉಜ್ಜಬೇಕು.

ಇನ್ನೊಂದು ಮಾತು ನಮ್ಮದೇ ಹಲ್ಲಿನ ಬಗ್ಗೆ. ಈ ಬ್ಯಾಕ್ಟೀರಿಯಾ ಹೆಚ್ಚಾಗಿ ಮಗುವಿಗೆ ದಾಟುವುದು ತಾಯಿಯ ಜೊಲ್ಲಿನಿಂದ, ಒಂದೇ ಚಮಚದಿಂದ. ಹಸು ಮೇವು ಬಿಟ್ಟರೆ ಅದೇ ದಿನ ಡಾಕ್ಟರಿಗೆ ಫೋನು ಮಾಡುತ್ತೇವೆ. ನಮ್ಮ ಹಲ್ಲು ನೋವಿಗೆ ಲವಂಗ ಕಚ್ಚಿಕೊಂಡು ತಿಂಗಳುಗಟ್ಟಲೆ ದೂಡುತ್ತೇವೆ. ನಮ್ಮ ಹಲ್ಲು ಸರಿ ಮಾಡಿಸಿಕೊಳ್ಳುವುದು ಮಗುವಿಗೂ ರಕ್ಷಣೆ.

ಮಣಿಪಾಲದಲ್ಲಿ 1965ರಿಂದ ದಂತ ವೈದ್ಯಕೀಯ ಕಾಲೇಜು ಇದೆ. ಉಡುಪಿ, ಕಾಪು, ಕಾರ್ಕಳದ ನಮಗೆ ಅದು ದೂರವಲ್ಲ. ದನಗಳ ಲಸಿಕೆ ಶಿಬಿರಕ್ಕೆ ದಿನ ಗೊತ್ತುಮಾಡುವ ನಮ್ಮ ಸಂಘಗಳು, ವರ್ಷಕ್ಕೊಮ್ಮೆ ತಾಯಿ–ಮಕ್ಕಳ ದಂತ ತಪಾಸಣೆಗೂ ಒಂದು ದಿನ ಗೊತ್ತುಮಾಡಲಿ. ಮುಂದಿನ ಸಭೆಯಲ್ಲಿ ಈ ವಿಷಯವನ್ನು ನಾವು ಹೆಂಗಸರೇ ಎತ್ತೋಣ.