ಹಳ್ಳಿ ಉಳಿದದ್ದು ರಕ್ತದಿಂದಲ್ಲ, ಠರಾವಿನಿಂದ

ಇನ್‌ಸ್ಟಾಗ್ರಾಮಿನಲ್ಲಿ ಜಪಾನ್ ಅಂತ ಹುಡುಕಿ ನೋಡಿ, ಐದು ನಿಮಿಷದೊಳಗೆ ಆ ಹಳ್ಳಿ ಬಂದೇ ಬರುತ್ತದೆ. ಸುತ್ತ ಬೆಟ್ಟ, ನಡುವೆ ಗದ್ದೆ, ಗದ್ದೆ ಪಕ್ಕದಲ್ಲಿ ಕೈ ಮುಗಿದು ನಿಂತ ಹಾಗಿರುವ ಹುಲ್ಲಿನ ಮನೆಗಳು. ಹಿಮ ಬಿದ್ದ ರಾತ್ರಿಯ ವಿಡಿಯೊ ಆದರಂತೂ ಕೇಳುವುದೇ ಬೇಡ. ಕೆಳಗಿನ ಕಾಮೆಂಟುಗಳಲ್ಲಿ ನಮ್ಮ ಕನ್ನಡದವರೂ ಸಿಗುತ್ತಾರೆ. ಎಲ್ಲರ ಮಾತಿನ ಸಾರ ಒಂದೇ: ಹಳೆಯದನ್ನು ಉಳಿಸಿಕೊಳ್ಳುವುದು ಜಪಾನಿನವರಿಗೆ ರಕ್ತದಲ್ಲೇ ಬಂದಿದೆ, ನಮ್ಮವರಿಗೆ ಬುದ್ಧಿಯಿಲ್ಲ.

ನಾನು ನಾಗೋಯಾದಲ್ಲಿ ಓದಲು ಬಂದು ಎರಡು ವರ್ಷವಾಯಿತು. ಊರಿನಿಂದ ಯಾರೇ ಬಂದರೂ ಆ ಹಳ್ಳಿಗೆ ಕರೆದುಕೊಂಡು ಹೋಗುವ ಸಂಬಳವಿಲ್ಲದ ಗೈಡ್ ಕೆಲಸ ನನಗೇ ಬೀಳುತ್ತದೆ. ನಾಲ್ಕು ಸಲ ಹೋಗಿ ಬಂದ ಮೇಲೆ ಹೇಳುತ್ತಿದ್ದೇನೆ, ಆ ರಕ್ತದ ಮಾತು ಸುಳ್ಳು. ಅದೂ ನಮಗೆ ಬಹಳ ಅನುಕೂಲವಾದ ಸುಳ್ಳು. ರಕ್ತದಲ್ಲಿ ಬರುವಂಥದ್ದು ಅಂತ ಒಪ್ಪಿಬಿಟ್ಟರೆ ಆಮೇಲೆ ನಾವು ಮಾಡುವುದಕ್ಕೆ ಏನೂ ಉಳಿಯುವುದಿಲ್ಲವಲ್ಲ!

ಮೊದಲು ಒಂದು ದಿನದ ಟ್ರಿಪ್ ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ. ಬೆಳಗ್ಗೆ ನಾಗೋಯಾದಲ್ಲಿ ಬಸ್ ಹತ್ತಿದರೆ ಬೆಟ್ಟ ಏರಿ ಮೊದಲು ತಕಾಯಾಮಾ. ಅದು ಹಿದಾ ಎಂಬ ಮಲೆನಾಡಿನ ಹಳೇ ಪೇಟೆ. ಕಪ್ಪು ಮರದ ಮನೆಗಳ ಸಾಲು, ಸಾಕೆ ಅಂದರೆ ಅಕ್ಕಿಯ ಮದ್ಯ ಮಾಡುವ ಅಂಗಡಿಗಳ ಮುಂದೆ ದೇವದಾರಿನಂಥ ಮರದ ಸೊಪ್ಪನ್ನು ಕಟ್ಟಿ ಮಾಡಿದ ದೊಡ್ಡ ಚೆಂಡು. ಹೊಸ ಮದ್ಯ ತಯಾರಾದಾಗ ಹಸಿರು ಚೆಂಡು ತೂಗುಹಾಕುತ್ತಾರೆ, ಅದು ದಿನ ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಪಕ್ಕದಲ್ಲೇ 1692ರಿಂದ ಶೋಗುನರ ಆಡಳಿತ ನೇರವಾಗಿ ಈ ಸೀಮೆಯನ್ನು ಆಳಿದ ಕಚೇರಿಯಿದೆ. ಇಷ್ಟು ದೂರದ ಗುಡ್ಡಗಾಡಿನ ಮೇಲೆ ಅವರಿಗೇಕೆ ಕಣ್ಣು ಅಂದರೆ ಮರ. ಮರಕ್ಕೆ ತಕ್ಕ ಬಡಗಿಗಳೂ ಇಲ್ಲಿದ್ದರು. ಸಾವಿರದ ಮುನ್ನೂರು ವರ್ಷದ ಹಿಂದೆಯೇ ಹಿದಾ ಜನ ಕಂದಾಯದ ಬದಲು ಬಡಗಿಗಳನ್ನು ರಾಜಧಾನಿಗೆ ಕಳಿಸುತ್ತಿದ್ದರಂತೆ. ಕೈಕಸುಬೇ ಕಂದಾಯ! ಈ ಪೇಟೆಗೆ ಸಿಗುವುದು ಎರಡು ಗಂಟೆ. ಊಟ ಮುಗಿಸಿ ಮತ್ತೆ ಬಸ್ ಹತ್ತಿದರೆ ಐವತ್ತು ನಿಮಿಷಕ್ಕೆ ಶಿರಾಕಾವಾ-ಗೋ. ಅಲ್ಲೂ ಎರಡು ಗಂಟೆ. ಗುಡ್ಡದ ಮೇಲಿನ ವ್ಯೂ ಪಾಯಿಂಟಿನಿಂದ ಒಂದು ಫೋಟೊ, ತೂಗುಸೇತುವೆ ಮೇಲೊಂದು, ಐಸ್‌ಕ್ರೀಂ, ವಾಪಸ್. ರಾತ್ರಿ ಹೊತ್ತಿಗೆ ನಾಗೋಯಾ.

ಆ ಎರಡು ಗಂಟೆಯಲ್ಲಿ ಕಾಣುವುದು ಮನೆಯ ಚಂದ. ಆದರೆ ಆ ಮನೆಗಳನ್ನು ಚಂದಕ್ಕೆ ಕಟ್ಟಿದ್ದಲ್ಲ. ಈ ಕಣಿವೆಯಲ್ಲಿ ಚಳಿಗಾಲದ ಹಿಮ ಆಳೆತ್ತರ ಬೀಳುತ್ತದೆ. ಹಿಮ ಜಾರಿ ಬೀಳಲಿ ಅಂತ ಮಾಡು 60 ಡಿಗ್ರಿಯಷ್ಟು ಕಡಿದು. ಮಾಡಿನ ಚೌಕಟ್ಟಿಗೆ ಮೊಳೆ ಹೊಡೆದಿಲ್ಲ. ಹಗ್ಗದಿಂದ, ಎಳೆಯ ಗಿಡದ ಬಳುಕುವ ಕಡ್ಡಿಗಳಿಂದ ಬಿಗಿದು ಕಟ್ಟಿದ್ದಾರೆ. ಗಾಳಿಗೆ, ಹಿಮದ ಭಾರಕ್ಕೆ ಮನೆ ಸ್ವಲ್ಪ ಬಾಗಿ ಮತ್ತೆ ನೆಟ್ಟಗಾಗಲಿ ಅಂತ. ಕೆಳಗೆ ನಡುಮನೆಯಲ್ಲಿ ಒಲೆ. ಅದರ ಹೊಗೆ ಅಟ್ಟದವರೆಗೂ ಏರಿ ಹುಲ್ಲಿಗೆ ಹುಳ ಹಿಡಿಯದಂತೆ ನೋಡಿಕೊಳ್ಳುತ್ತದೆ. ಒಲೆ ಉರಿಯದ ಮನೆಯ ಮಾಡು ಬೇಗ ಕೊಳೆಯುತ್ತದೆ. ಅಂದರೆ ಜನ ವಾಸ ಮಾಡಿದರಷ್ಟೇ ಮನೆ ಬಾಳುತ್ತದೆ. ಇಡೀ ವಿಷಯದ ಬೇರು ಇದೇ ಅನ್ನಿಸುತ್ತದೆ ನನಗೆ.

ಅಟ್ಟಕ್ಕೆ ಹತ್ತಿದ ನಮ್ಮ ಕಡೆಯವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಅಷ್ಟು ಎತ್ತರದ ಮಾಡಿನ ಕೆಳಗೆ ಎರಡು ಮೂರು ಅಂತಸ್ತು ಬಿಟ್ಟಿರುವುದು ಮನುಷ್ಯರಿಗಲ್ಲ, ರೇಷ್ಮೆ ಹುಳುಗಳಿಗೆ! ವಾದಾ ಮನೆತನದ ದೊಡ್ಡ ಮನೆಯ ಅಟ್ಟದಲ್ಲಿ ಹುಳು ಸಾಕುವ ಸಾಮಾನುಗಳನ್ನು ಇಟ್ಟಿದ್ದಾರೆ. ಕಳೆದ ವರ್ಷ ಬಂದಿದ್ದ ನನ್ನ ಗೆಳೆಯ ಶಿಡ್ಲಘಟ್ಟದ ಕಡೆಯವನು. ಚಂದ್ರಿಕೆ, ತಟ್ಟೆ, ಹಿಪ್ಪುನೇರಳೆ ಸೊಪ್ಪು, ಹುಳುವಿಗೆ 'ಜ್ವರ' ಬರುವುದು ಇವೆಲ್ಲ ಅವನಿಗೆ ಹುಟ್ಟಿದಾಗಿನಿಂದ ಗೊತ್ತು. ಅವನು ಕೇಳಿದ ಮೊದಲ ಪ್ರಶ್ನೆ: 'ಈಗ ಯಾಕೆ ಸಾಕಲ್ಲ?' ಒಂದು ಕಾಲಕ್ಕೆ ಜಗತ್ತಿಗೇ ರೇಷ್ಮೆ ಮಾರಿದ ದೇಶದಲ್ಲಿ ಈಗ ಹುಳು ಸಾಕುವವರು ಬೆರಳೆಣಿಕೆಯಷ್ಟು. 19ನೇ ಶತಮಾನದ ಕೊನೆಗೆ ಜಮ್‌ಶೆಟ್‌ಜಿ ಟಾಟಾ ಅವರು ಜಪಾನಿ ಪದ್ಧತಿ ಕಲಿಸಲು ಅಲ್ಲಿನ ಪರಿಣತರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿದ್ದರು. ಬಸವನಗುಡಿ ಪಕ್ಕ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಇವತ್ತಿಗೂ ಇದೆ. ಕಲಿಸಿದವರ ಊರಿನಲ್ಲಿ ಹುಳುಮನೆ ಮ್ಯೂಸಿಯಂ ಆಗಿದೆ, ಕಲಿತವರ ಊರಿನಲ್ಲಿ ಹುಳು ಇನ್ನೂ ಸೊಪ್ಪು ತಿನ್ನುತ್ತಿದೆ. ಅವರು ಎಲ್ಲವನ್ನೂ ಉಳಿಸಿಕೊಂಡರು, ನಾವು ಎಲ್ಲವನ್ನೂ ಕಳೆದುಕೊಂಡೆವು ಅನ್ನುವವರು ಈ ಅಟ್ಟದಲ್ಲಿ ಒಂದು ನಿಮಿಷ ನಿಲ್ಲಬೇಕು.

ಇನ್ನೊಂದು ವಿಷಯ ರೀಲ್ಸ್‌ನಲ್ಲಿ ಬರುವುದಿಲ್ಲ. ಈ ಮನೆಗಳ ನೆಲದಡಿಯಲ್ಲಿ ಮಣ್ಣಿಗೆ ಸೊಪ್ಪುಸದೆ, ರೇಷ್ಮೆ ಹುಳುವಿನ ಹಿಕ್ಕೆ ಬೆರೆಸಿ ವರ್ಷಗಟ್ಟಲೆ ಕೊಳೆಸಿ ಮದ್ದಿನ ಪುಡಿಗೆ ಬೇಕಾದ ಪೆಟ್ಲುಪ್ಪು ತೆಗೆಯುತ್ತಿದ್ದರು. ಕಣಿವೆಯ ಕೆಲವು ಊರುಗಳಲ್ಲಿ ಒಂದೇ ಮನೆಯಲ್ಲಿ 20–30 ಜನ. ಹಂಚಿಕೊಳ್ಳಲು ಭೂಮಿಯಿಲ್ಲ. ಹಿರಿಮಗನಿಗಷ್ಟೇ ಮದುವೆಯಾಗಿ ಮನೆ ನಡೆಸುವ ಹಕ್ಕು. ತಮ್ಮಂದಿರು ಅದೇ ಮನೆಯಲ್ಲಿ ಜೀವಮಾನವಿಡೀ ದುಡಿಯಬೇಕಿತ್ತು. ಫೋಟೊದಲ್ಲಿ ಬಹಳ ನೆಮ್ಮದಿಯಾಗಿ ಕಾಣುವ ಮನೆ ಒಳಗಿದ್ದ ಕಿರಿಯನಿಗೆ ಹೇಗೆ ಕಂಡಿರಬಹುದು? ಹಳ್ಳಿ ಬಿಟ್ಟು ಕೆಲಸ ಹುಡುಕುವ ನಮ್ಮ ವಯಸ್ಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ರಕ್ತದ ಮಾತಿಗೆ ಬರೋಣ. ಶೋಗಾವಾ ನದಿಯ ಈ ಕಣಿವೆಯಲ್ಲಿ ಇಂಥ ಮನೆಗಳು ಎಷ್ಟೋ ಇದ್ದವು. ಎರಡನೇ ಮಹಾಯುದ್ಧದ ನಂತರ ವಿದ್ಯುತ್ತಿಗಾಗಿ ಅಣೆಕಟ್ಟುಗಳು ಬಂದವು. 1961ರಲ್ಲಿ ಮುಗಿದ ಮಿಬೊರೊ ಅಣೆಕಟ್ಟಿನ ನೀರಿನಲ್ಲಿ ಹಳ್ಳಿಗಳೇ ಮುಳುಗಿದವು. ಉಳಿದ ಕಡೆ ಜನ ತಾವಾಗಿಯೇ ಮನೆ ಕೆಡವಿದರು, ಹುಲ್ಲು ತೆಗೆದು ತಗಡು ಹಾಕಿದರು, ತೊಲೆ ಕಂಬಗಳ ಸಮೇತ ಮನೆಗಳನ್ನು ಪಟ್ಟಣದವರಿಗೆ ಮಾರಿದರು. ಹೀಗೆ ಹೋದ ಮನೆಗಳಲ್ಲಿ ಕೆಲವು ಊರಾಚೆ ಹೋಟೆಲುಗಳಾದವು. ಕಜುರಾ ಎಂಬ ಹಳ್ಳಿಯವರಂತೂ 1967ರಲ್ಲಿ ಎಲ್ಲರೂ ಒಟ್ಟಾಗಿ ಊರು ಬಿಟ್ಟರು. ಇವತ್ತು ನದಿಯಾಚೆ ಟಿಕೆಟ್ ತೆಗೆದುಕೊಂಡು ನೋಡುವ ಬಯಲು ಮ್ಯೂಸಿಯಂನಲ್ಲಿ ನಿಂತಿರುವ ಮನೆಗಳಲ್ಲಿ ಅವರವೂ ಇವೆ. ಇದನ್ನೆಲ್ಲ ಮಾಡಿದವರೂ ಜಪಾನಿನವರೇ.

ಹಾಗಿದ್ದರೆ ಒಗಿಮಾಚಿ ಹೇಗೆ ಉಳಿಯಿತು? ಊರಿನವರು ಕೂತು ಮಾತಾಡಿ, 1971ರಲ್ಲಿ ಸಂಘ ಕಟ್ಟಿಕೊಂಡು ಮೂರು ಮಾತಿನ ಠರಾವು ಮಾಡಿಕೊಂಡರು: ಮಾರಬಾರದು, ಬಾಡಿಗೆಗೆ ಕೊಡಬಾರದು, ಕೆಡವಬಾರದು. ಅದೇ ವರ್ಷ ಇಲ್ಲಿಂದ ದಕ್ಷಿಣಕ್ಕಿರುವ ತ್ಸುಮಾಗೊ ಪೇಟೆಯವರೂ ಇದೇ ಮೂರು ಮಾತಿನ ನಿಯಮ ಹಾಕಿಕೊಂಡರು. ತ್ಸುಮಾಗೊ ಹಿಂದೆ ನಾಕಾಸೆಂಡೊ ಎಂಬ ಹೆದ್ದಾರಿಯ ತಂಗುದಾಣ. ರೈಲು ಬೇರೆ ದಾರಿಯಲ್ಲಿ ಹೋದ ಮೇಲೆ ಪೇಟೆ ಬಡವಾಯಿತು, ಹೊಸ ಮನೆ ಕಟ್ಟಲು ಯಾರ ಬಳಿಯೂ ಕಾಸಿರಲಿಲ್ಲ, ಹಾಗಾಗಿ ಹಳೆಯದು ಉಳಿಯಿತು. ಬಡತನ ಉಳಿಸಿದ್ದನ್ನು ಠರಾವು ಕಾಯಿತು ಅನ್ನಬಹುದು. ಸರ್ಕಾರ ಎಚ್ಚೆತ್ತದ್ದು ಆಮೇಲೆ: 1975ರಲ್ಲಿ ಕಾನೂನು ತಿದ್ದಿ, 1976ರಲ್ಲಿ ರಕ್ಷಿಸಬೇಕಾದ ಊರುಗಳ ಮೊದಲ ಪಟ್ಟಿ ಮಾಡಿದಾಗ ಈ ಎರಡೂ ಅದರಲ್ಲಿದ್ದವು. ಯುನೆಸ್ಕೊ ಬಂದದ್ದು 1995ರಲ್ಲಿ, ನೆರೆಯ ಗೊಕಾಯಾಮಾದ ಐನೊಕುರಾ, ಸುಗನುಮಾ ಎಂಬ ಎರಡು ಪುಟ್ಟ ಹಳ್ಳಿಗಳನ್ನೂ ಸೇರಿಸಿಕೊಂಡು. ಕ್ರಮ ಗಮನಿಸಿ: ಮೊದಲು ಊರವರು, ಆಮೇಲೆ ಕಾನೂನು, ಕೊನೆಗೆ ಬೋರ್ಡು. ನಾವು ಬೋರ್ಡು ಬರಲಿ ಅಂತ ಮೊದಲು ಕಾಯುತ್ತೇವೆ.

ಠರಾವು ಮಾಡುವುದು ಸುಲಭ, ಪಾಲಿಸುವುದು ದುಬಾರಿ. ಹುಲ್ಲಿನ ಮಾಡನ್ನು ಮೂವತ್ತು ನಲವತ್ತು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಹಿಂದೆ ಇದಕ್ಕೆ 'ಯುಇ' ಅನ್ನುವ ಪದ್ಧತಿಯಿತ್ತು. ನಮ್ಮ ಹಳ್ಳಿಗಳ ಮುಯ್ಯಾಳು ಇದ್ದಂತೆಯೇ: ಇವತ್ತು ನಿನ್ನ ಮನೆಗೆ ನಾನು, ನಾಳೆ ನನ್ನ ಮನೆಗೆ ನೀನು. ನೂರಿನ್ನೂರು ಜನ ಮಾಡಿನ ಮೇಲೆ ಇರುವೆಗಳಂತೆ ಹತ್ತಿ ಒಂದೆರಡು ದಿನದಲ್ಲಿ ಕೆಲಸ ಮುಗಿಸುತ್ತಿದ್ದರು. (ಯುಇ, ಮುಯ್ಯಿ, ಕಿವಿಗೆ ಎಷ್ಟು ಹತ್ತಿರ! ಭಾಷಾಶಾಸ್ತ್ರದವರು ಜಗಳಕ್ಕೆ ಬರಬೇಡಿ, ಸುಮ್ಮನೆ ಹೇಳಿದೆ.) ಈಗ ಅಷ್ಟು ಜನ ಎಲ್ಲಿಂದ ಬರಬೇಕು? ಬಹುತೇಕ ಕೆಲಸ ಕೂಲಿ ಕೊಟ್ಟೇ ಆಗಬೇಕು. ಒಂದು ದೊಡ್ಡ ಮಾಡಿಗೆ ಕೋಟಿ ಯೆನ್ ದಾಟುತ್ತದೆ, ನಮ್ಮ ಲೆಕ್ಕದಲ್ಲಿ ಅರ್ಧ ಕೋಟಿ ರೂಪಾಯಿಗೂ ಮೇಲೆ. ಸರ್ಕಾರದ ನೆರವಿಲ್ಲದೆ ಯಾವ ಕುಟುಂಬಕ್ಕೂ ಇದು ಆಗದ ಮಾತು. 'ನಮ್ಮ ಹಳೇ ಮನೆ ಯಾಕೆ ಕೆಡವಿದಿರಿ' ಅಂತ ಅಜ್ಜ ಅಜ್ಜಿಯನ್ನು ಬೈಯುವ ಮೊದಲು ಈ ಲೆಕ್ಕ ನೆನಪಿರಲಿ. ಮಾಡು ಸೋರುವಾಗ ಅವರ ಕೈಗೆ ಯಾರೂ ದುಡ್ಡು ಕೊಟ್ಟಿರಲಿಲ್ಲ.

ಬೇರೆ ಕಡೆ ಜಪಾನ್ ಕೂಡ ಉಳಿಸಿಕೊಳ್ಳಲಾಗದೆ ಒದ್ದಾಡುತ್ತಿದೆ. 2023ರ ಸರ್ಕಾರಿ ಗಣತಿಯ ಪ್ರಕಾರ ಇಡೀ ದೇಶದಲ್ಲಿ ಖಾಲಿ ಬಿದ್ದಿರುವ ಮನೆಗಳು ಸುಮಾರು 90 ಲಕ್ಷ. ಅವುಗಳಲ್ಲಿ ಎಷ್ಟೋ ಹಳ್ಳಿಯವು. ಅವುಗಳ ಮುಂದೆ ಯಾರೂ ಸೆಲ್ಫಿ ತೆಗೆಯುವುದಿಲ್ಲ.

ಇನ್ನು ನಮ್ಮಂಥ ಒಂದು ದಿನದ ಗಿರಾಕಿಗಳ ಮಾತು. ಶಿರಾಕಾವಾ ಗ್ರಾಮದ ಒಟ್ಟು ಜನಸಂಖ್ಯೆ ಒಂದೂವರೆ ಸಾವಿರದ ಆಸುಪಾಸು. ಕೋವಿಡ್‌ಗೆ ಮುಂಚೆ 2019ರಲ್ಲಿ ಬಂದ ಪ್ರವಾಸಿಗರು ಸುಮಾರು 17 ಲಕ್ಷ. ಹೆಚ್ಚಿನವರು ಬೆಳಗ್ಗೆ ಬಂದು ಸಂಜೆಗೆ ಹೋಗುವವರು. 'ಇದು ಜನ ವಾಸವಿರುವ ಮನೆ, ಒಳಗೆ ಬರಬೇಡಿ' ಅಂತ ಬೋರ್ಡು ಹಾಕಬೇಕಾದ ಸ್ಥಿತಿ. ಹುಲ್ಲಿನ ಮನೆಗಳಿಗೆ ಒಂದು ಕಿಡಿ ಸಾಕು. ಅದಕ್ಕೇ ಎಲ್ಲೆಂದರಲ್ಲಿ ಬೀಡಿ ಸಿಗರೇಟು ನಿಷೇಧ, ಮನೆಗಳ ನಡುವೆ ನೀರು ಚಿಮ್ಮಿಸುವ ಯಂತ್ರಗಳು, ಪ್ರತಿ ಶರತ್ಕಾಲದಲ್ಲಿ ಅವುಗಳ ತಾಲೀಮು. ಕಸದ ತೊಟ್ಟಿ ಊರಲ್ಲಿ ಹುಡುಕಿದರೂ ಸಿಗುವುದಿಲ್ಲ, ನಿಮ್ಮ ಕಸ ನೀವೇ ಒಯ್ಯಬೇಕು. ಚಳಿಗಾಲದ ದೀಪಾಲಂಕಾರಕ್ಕೆ ಜನ ಮುಗಿಬಿದ್ದು ರಸ್ತೆಯೇ ಕಟ್ಟಿಹೋಗುತ್ತಿತ್ತು. 2019ರಿಂದ ಮುಂಗಡ ಕಾಯ್ದಿರಿಸದೆ ಬಿಡುವುದಿಲ್ಲ ಅಂತ ಮಾಡಿದರು.

ಇದನ್ನು ಕೇಳಿದ ನನ್ನ ಗೆಳೆಯರಲ್ಲಿ ಒಬ್ಬಳು ಸಿಟ್ಟಾದಳು. ಪ್ರವಾಸಿಗರ ದುಡ್ಡಲ್ಲೇ ಬದುಕುವವರು ಪ್ರವಾಸಿಗರಿಗೇ ಬೇಲಿ ಹಾಕುವುದು ಯಾವ ನ್ಯಾಯ ಅಂತ. ಅವಳ ಮಾತಿನಲ್ಲಿ ಅರ್ಧ ನಿಜವಿದೆ, ದುಡ್ಡು ಬೇಕು. ಆದರೆ ಎರಡು ಗಂಟೆ ಇದ್ದು ಐಸ್‌ಕ್ರೀಂ ತಿಂದು ಹೋಗುವ ನಾವು ಕೊಡುವುದೆಷ್ಟು? ಪಾರ್ಕಿಂಗ್ ಜಾಗದ ಪಕ್ಕ ಅಂಗಡಿ ಇಟ್ಟವರಿಗೆ ಒಂದಿಷ್ಟು ಸಿಗಬಹುದು. ಜನವರಿಯಲ್ಲಿ ಬಾಗಿಲ ಮುಂದಿನ ಹಿಮ ಗುದ್ದಲಿಯಲ್ಲಿ ಎಳೆಯುವ ಮುದುಕನ ಕೈಗೆ ನಮ್ಮಿಂದ ಸಿಗುವುದು ಕಿಟಕಿಯೊಳಗೆ ತೂರಿ ಬರುವ ಕ್ಯಾಮೆರಾ ಮಾತ್ರ. ಬೇಲಿ ಹಾಕಿದ್ದು ಸರಿ. ಇನ್ನೂ ಬಿಗಿಯಾಗಿ ಹಾಕಲಿ ಅನ್ನುವವಳು ನಾನು, ನನಗೇ ಟಿಕೆಟ್ ಸಿಗದಿದ್ದರೂ ಪರವಾಗಿಲ್ಲ.

ಊರಲ್ಲಿ ಉಳಿದ ಹುಡುಗ ಹುಡುಗಿಯರ ಗತಿಯೇನು? ಗ್ರಾಮದಲ್ಲಿ ಶಾಲೆಯಿರುವುದು ಒಂಬತ್ತನೇ ತರಗತಿವರೆಗೆ. ಮುಂದೆ ಓದಬೇಕಾದರೆ ಹದಿನೈದನೇ ವಯಸ್ಸಿಗೆ ಊರು ಬಿಡಬೇಕು. ಹೋದವರು ವಾಪಸ್ ಬರಲಿ, ಪರಂಪರೆ ಉಳಿಸಲಿ ಅಂತ ನಾಗೋಯಾದಲ್ಲಿ ಹೀಟರ್ ಪಕ್ಕ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ನಾನೂ ಊರು ಬಿಟ್ಟು ಬಂದವಳೇ. ಯುವಕರ ತ್ಯಾಗದ ಮೇಲೆ ನಿಲ್ಲುವ ಪರಂಪರೆ ಆ ಕಾಲದ ಕಿರಿತಮ್ಮಂದಿರ ದುಡಿಮೆಗಿಂತ ಹೆಚ್ಚು ಭಿನ್ನವೇನಲ್ಲ. ಸಂಬಳ ಬರಬೇಕು, ಆಗ ಉಳಿಯುವ ಮಾತು. ಗೊಕಾಯಾಮಾದಲ್ಲಿ ಮಾಡಿಗೆ ಹುಲ್ಲು ಹೊದೆಸುವ ಕೆಲಸವನ್ನು ಈಗ ಅರಣ್ಯ ಸಹಕಾರ ಸಂಘ ವಹಿಸಿಕೊಂಡಿದೆ. ಅಂದರೆ ಆ ಹಳೇ ಕಸುಬು ಈಗ ಒಂದು ನೌಕರಿ. ನನಗೆ ಈ ಇಡೀ ಕಣಿವೆಯಲ್ಲಿ ಅತ್ಯಂತ ಹೊಸದಾಗಿ, ಆಸೆ ಹುಟ್ಟಿಸುವಂತೆ ಕಂಡ ಸಂಗತಿ ಇದು.

ಬರುವವರಿದ್ದರೆ ಒಂದು ಮಾತು. ಸಾಧ್ಯವಾದರೆ ಒಂದು ದಿನದ ಪ್ಯಾಕೇಜ್ ಬಿಡಿ. ಊರವರೇ ನಡೆಸುವ ಮನೆಗಳಲ್ಲಿ ಒಂದು ರಾತ್ರಿ ಉಳಿಯಿರಿ. ಒಗಿಮಾಚಿಯಲ್ಲಿ ಜಾಗ ಸಿಗದಿದ್ದರೆ ಐನೊಕುರಾದಲ್ಲಿ ಕೇಳಿ, ಅಲ್ಲಿ ಇಪ್ಪತ್ತು ಚಿಲ್ಲರೆ ಹುಲ್ಲಿನ ಮನೆಗಳಷ್ಟೇ, ಬಸ್ಸುಗಳ ಗದ್ದಲ ಕಡಿಮೆ. ರೂಮು ಕೆಲವೇ ಇರುವುದರಿಂದ ತಿಂಗಳುಗಳ ಮೊದಲೇ ಹೇಳಿಡಬೇಕು. ದುಬಾರಿ ಅನ್ನಿಸುತ್ತದೆ, ಹೌದು. ಅಷ್ಟು ಕೈಯಲ್ಲಿ ಇಲ್ಲದಿದ್ದರೆ ತಕಾಯಾಮಾದಲ್ಲೇ ನಿಧಾನವಾಗಿ ಒಂದು ದಿನ ಕಳೆಯಿರಿ, ಬೆಳಗಿನ ನದಿದಂಡೆ ಸಂತೆಯಲ್ಲಿ ಅಜ್ಜಿಯರು ತಂದ ಸೇಬು, ಉಪ್ಪಿನಕಾಯಿ ಕೊಳ್ಳಿ. ಹಳ್ಳಿಯನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಿ.