ಹಾಡುವ ಕೊಳವೆ

1859ರಲ್ಲಿ ಹಾಲೆಂಡಿನ ಲೈಡನ್ ನಗರದ ಪ್ರಾಧ್ಯಾಪಕ ರೈಕೆ ಎಂಬಾತನು ಒಂದು ವಿಚಿತ್ರವನ್ನು ಕಂಡನು. ಎರಡು ತುದಿಗಳೂ ತೆರೆದಿದ್ದ ಗಾಜಿನ ಕೊಳವೆಯೊಂದನ್ನು ನೆಟ್ಟಗೆ ನಿಲ್ಲಿಸಿ, ಕೆಳಭಾಗದಲ್ಲಿ ತಂತಿಬಲೆಯನ್ನಿರಿಸಿ, ಅದು ಕೆಂಪಗೆ ಕಾಯುವವರೆಗೂ ಉರಿ ಹಿಡಿದು, ಬಳಿಕ ಉರಿಯನ್ನು ತೆಗೆದರೆ ಕೊಳವೆ ತಾನೇ ತಾನಾಗಿ ಹಾಡತೊಡಗುತ್ತಿತ್ತು! ಅಡ್ಡಲಾಗಿ ಮಲಗಿಸಿದರೆ ಮೌನ.

ಊದುವವರಿಲ್ಲದ ಈ ಕೊಳಲಿನ ಗುಟ್ಟನ್ನು 1878ರಲ್ಲಿ ಇಂಗ್ಲೆಂಡಿನ ರ್ಯಾಲೆ ಪ್ರಭು ಬಿಡಿಸಿಟ್ಟನು. ಕಂಪಿಸುವ ಗಾಳಿಗೆ ಅದು ಒತ್ತಿಕೊಂಡ ಕ್ಷಣದಲ್ಲಿ ಶಾಖ ದೊರೆತರೆ ಕಂಪನ ಬಲಿಯುತ್ತದೆ. ಹಿಗ್ಗಿದ ಕ್ಷಣದಲ್ಲಿ ದೊರೆತರೆ ಕುಗ್ಗುತ್ತದೆ. ಉಯ್ಯಾಲೆ ತೂಗಿದವರಿಗೆ ಇದು ಹೊಸತಲ್ಲ. ಮಣೆ ಮುಂದಕ್ಕೆ ಹೊರಟಾಗ ಬೆರಳಿನಿಂದ ನೂಕಿದರೂ ಜೀಕು ಏರುತ್ತದೆ. ಹಿಂದಕ್ಕೆ ಬರುತ್ತಿರುವಾಗ ಅದೇ ನೂಕು ಅದನ್ನು ತಡೆಯುತ್ತದೆ.

ಗಾಜಿನ ಕೊಳವೆಯಲ್ಲಿ ವಿನೋದವಾದದ್ದು ಎಂಜಿನಿನಲ್ಲಿ ವಿಪತ್ತು. 1962ರಲ್ಲಿ ಅಮೆರಿಕದ ಎಫ್-1 ರಾಕೆಟ್ ಎಂಜಿನೊಂದು ಉರಿಯ ಇಂಥ ಓಲಾಟದಿಂದಲೇ ಪರೀಕ್ಷೆಯಲ್ಲಿ ನಾಶವಾಯಿತು. ಅಲ್ಲಿಯ ಎಂಜಿನಿಯರುಗಳು ಇಂಧನ ಚಿಮ್ಮುವ ಫಲಕದ ಮೇಲೆ ತಡೆಗೋಡೆಗಳನ್ನೆಬ್ಬಿಸಿದರು. ಬಳಿಕ ಉರಿಯುವ ಎಂಜಿನಿನೊಳಗೆ ಬೇಕೆಂದೇ ಪುಟ್ಟ ಬಾಂಬು ಸಿಡಿಸಿ, ಎದ್ದ ಕಂಪನ ತಾನಾಗಿ ಅಡಗುವುದೇ ಎಂದು ನೋಡಿದರು. ಧೈರ್ಯವೆಂದರೆ ಅದು!

ಗೋಡೆ ಕಟ್ಟುವ ಬದಲು ಕಂಪನಕ್ಕೆ ಕಿವಿಗೊಟ್ಟು, ಎದುರು ನೂಕು ಕೊಡಬಾರದೇಕೆ? 1980ರ ದಶಕದಲ್ಲಿ ಕೇಂಬ್ರಿಜಿನಲ್ಲಿ ರೈಕೆಯ ಕೊಳವೆಯ ಮೇಲೆಯೇ ಈ ಪ್ರಯೋಗ ನಡೆಯಿತು. ಮೈಕ್ರೊಫೋನು ಕೊಳವೆಯ ಸದ್ದನ್ನು ಗ್ರಹಿಸುತ್ತದೆ. ನಡುವಿನ ಮಂಡಲವು ಆ ಸಂಕೇತವನ್ನು ವರ್ಧಿಸಿ, ತಕ್ಕಷ್ಟು ಹಿಂದುಮುಂದು ಮಾಡಿ ಧ್ವನಿವರ್ಧಕಕ್ಕೆ ಒಪ್ಪಿಸುತ್ತದೆ. ಕೊಳವೆ ಬಾಯಿ ಮುಚ್ಚಿತು. ಸ್ವಾರಸ್ಯವೇನೆಂದರೆ, ಹಾಡು ಅಡಗಿದ ಮೇಲೆ ಧ್ವನಿವರ್ಧಕಕ್ಕೂ ಅಷ್ಟೇನೂ ಕೆಲಸವಿರುವುದಿಲ್ಲ. ಮೊಳಕೆಯನ್ನು ಚಿವುಟಲು ಕೊಡಲಿ ಬೇಕೇ? ಆದರೆ ಹೊತ್ತು ತಪ್ಪಿದರೆ ಅದೇ ಧ್ವನಿವರ್ಧಕ ಹಾಡಿಗೆ ಶ್ರುತಿ ಹಿಡಿಯುತ್ತದೆ.

ವಿದ್ಯುದಾಗರಗಳ ಅನಿಲ ಟರ್ಬೈನುಗಳಿಗೆ ಈ ವಿದ್ಯೆ ಅಗತ್ಯವಾಯಿತು. ಹೊಗೆಯಲ್ಲಿನ ನೈಟ್ರೊಜನ್ ಆಕ್ಸೈಡುಗಳನ್ನು ತಗ್ಗಿಸಲು ಇಂಧನಕ್ಕೆ ಹೆಚ್ಚು ಗಾಳಿ ಬೆರೆಸಿ ಉರಿಸುತ್ತಾರೆ. ಊರಿಗೆ ಉಪಕಾರವೇ ಸರಿ. ಆದರೆ ಅಂಥ ತೆಳು ಉರಿ ಬೇಗನೆ ಓಲಾಡತೊಡಗುತ್ತದೆ, ದಹನಕೋಷ್ಠಕ್ಕೆ ಕುತ್ತು ತರುತ್ತದೆ. ಅಷ್ಟು ದೊಡ್ಡ ಜ್ವಾಲೆಯ ಮುಂದೆ ಧ್ವನಿವರ್ಧಕದ ಆಟ ನಡೆಯದು. ಆದ್ದರಿಂದ 1990ರ ದಶಕದಲ್ಲಿ ಜರ್ಮನಿಯ ಸೀಮೆನ್ಸ್ ಸಂಸ್ಥೆಯವರು ಇಂಧನವನ್ನೇ ಕೈಯಾಗಿ ಬಳಸಿದರು. ಒತ್ತಡದ ಏರಿಳಿತವನ್ನು ಸಂವೇದಕಗಳು ತಿಳಿಸಿದಂತೆ, ಚುರುಕಾದ ಕವಾಟಗಳು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಅನಿಲದ ಒಂದಂಶವನ್ನು ಹೆಚ್ಚುಕಡಿಮೆ ಮಾಡುತ್ತವೆ. ಕವಾಟ ದಾಟಿದ ಅನಿಲ ಜ್ವಾಲೆಯನ್ನು ಮುಟ್ಟಲು ತುಸು ಹೊತ್ತು ಹಿಡಿಯುತ್ತದೆ. ಆ ವಿಳಂಬವನ್ನೂ ಎಣಿಸಿ, ಮುಂದೆ ಬರಲಿರುವ ಮಿಡಿತಕ್ಕೆ ಈಗಲೇ ಉತ್ತರ ಕಳುಹಿಸಬೇಕು.