ದೊರೆಯ ಹೆಸರು, ಕುಂಬಾರನ ನೀಲಿ

ಚೀನಾದ ನೀಲಿ-ಬಿಳಿ ಪಿಂಗಾಣಿಯ ಬಗ್ಗೆ ಒಂದು ಉಪನ್ಯಾಸಕ್ಕೆ ಹೋಗಿದ್ದೆ. ಉಪನ್ಯಾಸಕರು ಪರದೆಯ ಮೇಲೆ ಒಂದೊಂದೇ ಚಿತ್ರ ತೋರಿಸುತ್ತ, 'ಇದು ಷುವಾಂಡೆಯದು, ಇದು ಚೆಂಗ್‌ಹುವಾನದು, ಇದು ಕಾಂಗ್‌ಷಿಯದು' ಎನ್ನುತ್ತ ಹೋದರು. ಒಂದೂವರೆ ಗಂಟೆಯಲ್ಲಿ ಚಕ್ರವರ್ತಿಗಳೆಲ್ಲ ಬಂದು ಹೋದರು. ಕುಂಬಾರ ಒಬ್ಬನೂ ಬರಲಿಲ್ಲ. ನಾನು ಎದ್ದು, 'ಇವನ್ನು ಬರೆದವರು ಯಾರು ಸಾರ್?' ಎಂದೆ. 'ಅದು ಗೊತ್ತಾಗುವುದಿಲ್ಲ, ಮುಖ್ಯವೂ ಅಲ್ಲ' ಎಂದು ನಕ್ಕರು. ಸಭೆಯೂ ನಕ್ಕಿತು. ನನ್ನ ಜಗಳ ಆ ನಗೆಯ ಜೊತೆಗೆ.

ಗೊತ್ತಾಗುವುದಿಲ್ಲ, ಸರಿ. ಮುಖ್ಯವಲ್ಲ ಎಂದರೆ ಹೇಗೆ? ಜಿಯಾಂಗ್ಷಿ ಪ್ರಾಂತದ ಜಿಂಗ್‌ಡೆಜೆನ್ ಊರಿನ ಕೆಲಸವನ್ನೇ ನೋಡಿ. ಇನ್ನೂ ಸುಡದ ಹಸಿ ಪಾತ್ರೆಯ ಮೇಲೆ ಕೋಬಾಲ್ಟಿನಲ್ಲಿ ಚಿತ್ರ ಬರೆಯಬೇಕು. ಮಣ್ಣು ಬಣ್ಣವನ್ನು ಕೂಡಲೇ ಹೀರಿಕೊಳ್ಳುತ್ತದೆ, ತಪ್ಪಿದರೆ ಒರೆಸುವಂತಿಲ್ಲ. ಬರೆಯುವಾಗ ಅದು ನೀಲಿಯೂ ಅಲ್ಲ, ಬೂದಿಗಪ್ಪು. ಮೇಲೆ ಮೆರುಗು ಹಚ್ಚಿ, ಸುಮಾರು 1300 ಡಿಗ್ರಿಯ ಆವಿಗೆಯಲ್ಲಿ ಬೆಂದ ಮೇಲೆಯೇ ನೀಲಿ ಕಾಣುವುದು. ಅಂದರೆ ತನ್ನ ಕಣ್ಣಿಗೆ ಕಾಣದ ಬಣ್ಣದಲ್ಲಿ ಆ ಮನುಷ್ಯ ಇಡೀ ದಿನ ಬರೆಯುತ್ತಿದ್ದ. ಇದನ್ನು ಷುವಾಂಡೆ ಮಾಡಿದನೇ?

ಷುವಾಂಡೆಯ ಕಾಲದ (1426-1435) ಪಾತ್ರೆಗಳಲ್ಲಿ ಅಲ್ಲಲ್ಲಿ ಬಣ್ಣ ಗುಡ್ಡೆಗಟ್ಟಿ ಕಪ್ಪು ಚುಕ್ಕೆಗಳಾಗಿವೆ. ಹೊರನಾಡಿನಿಂದ ತಂದ ಆ ಕೋಬಾಲ್ಟಿನಲ್ಲಿ ಕಬ್ಬಿಣದ ಅಂಶ ಹೆಚ್ಚು, ಅದಕ್ಕೇ ಹಾಗಾದದ್ದು. ಈ ದೋಷಕ್ಕೇ ರಸಿಕರು ಮನಸೋತರು. 18ನೆಯ ಶತಮಾನದ ಚಿತ್ರಕಾರರು ಕುಂಚದ ತುದಿಯಿಂದ ಒಂದೊಂದೇ ಚುಕ್ಕೆ ಇಟ್ಟು ಅದನ್ನು ನಕಲು ಮಾಡಬೇಕಾಯಿತು! ಇನ್ನು ತಳದಲ್ಲಿರುವ ದೊರೆಯ ಮುದ್ರೆಯಾದರೂ ನಂಬಿಕೆಯದೇ? ಕಾಂಗ್‌ಷಿಯ ಕಾಲದ ಎಷ್ಟೋ ಪಾತ್ರೆಗಳ ಮೇಲೆ ಎರಡು ಶತಮಾನ ಹಿಂದಿನ ಚೆಂಗ್‌ಹುವಾನ ಹೆಸರಿದೆ.

ಬ್ರಿಟಿಷ್ ಮ್ಯೂಸಿಯಂನಲ್ಲಿ 1351ರ ಒಂದು ಜೋಡಿ ಹೂದಾನಿ ಇದೆ. ಮೈತುಂಬ ಡ್ರ್ಯಾಗನ್, ಅಲೆ, ಮೋಡ, ಬಳ್ಳಿ. ಯುವಾನ್ ಕಾಲದವರಿಗೆ ಜಾಗ ಖಾಲಿ ಬಿಡುವುದೆಂದರೆ ಆಗದು. ತೇದಿ ಇರುವುದರಿಂದ ಆ ಕಾಲದ ಉಳಿದ ಪಾತ್ರೆಗಳನ್ನೆಲ್ಲ ಇದರ ಪಕ್ಕದಲ್ಲಿಟ್ಟೇ ಗುರುತಿಸುತ್ತಾರೆ. ಕತ್ತಿನ ಮೇಲೆ ದಾನಿ ಜಾಂಗ್ ವೆನ್‌ಜಿನ್‌ನ ಹೆಸರಿದೆ. ಜಗತ್ತು ಅವನ್ನು ಕರೆಯುವುದು ಕೊಂಡವನ ಹೆಸರಿನಿಂದ, ಡೇವಿಡ್ ಹೂದಾನಿಗಳು ಎಂದು. ಕೊಟ್ಟವನೂ ಕೊಂಡವನೂ ಉಳಿದರು, ಬರೆದವನು ಉಳಿಯಲಿಲ್ಲ.

ಆಸ್ಥಾನದ ಕಟ್ಟುನಿಟ್ಟಿಲ್ಲದೆ ಆ ನಯ ಬರುತ್ತಿರಲಿಲ್ಲ ಎಂಬ ವಾದವಿದೆ. ಒಪ್ಪೋಣ, ಅರ್ಧ. ಆ ಕಟ್ಟುನಿಟ್ಟಿನ ಗುರುತು ಜಿಂಗ್‌ಡೆಜೆನ್‌ನ ನೆಲದಡಿ ಸಿಕ್ಕಿದೆ: ಅರಮನೆಗೆ ಒಪ್ಪಿಗೆಯಾಗದ ಪಾತ್ರೆಗಳನ್ನು ಮಾರುವಂತಿರಲಿಲ್ಲ, ಒಡೆದು ಹೂಳುತ್ತಿದ್ದರು. ಆ ಚೂರುಗಳನ್ನು ಈಗ ಕೂಡಿಸಿ ಮ್ಯೂಸಿಯಂನಲ್ಲಿಟ್ಟಿದ್ದಾರೆ. ಆದರೆ ವಾನ್‌ಲಿಯ ಕಾಲದಲ್ಲಿ (1573-1620) ಯುರೋಪಿಗೆ ಹಡಗಿನಲ್ಲಿ ಹೋದ, ಅಂಚಿನಲ್ಲಿ ಮನೆಮನೆಯಾಗಿ ಭಾಗ ಮಾಡಿ ಚಿತ್ರ ತುಂಬಿದ ತಟ್ಟೆಗಳು ಖಾಸಗಿ ಆವಿಗೆಗಳವು. ಯಾವ ದೊರೆಯೂ ಅವನ್ನು ಬರೆಸಲಿಲ್ಲ. ಡೆಲ್ಫ್ಟ್‌ನವರು ನೋಡಿ ಕಲಿತದ್ದು ಆ ಮಾರುಕಟ್ಟೆ ಮಾಲಿನಿಂದ.

ದಾಂತ್ರಕೋಲ್ ಎಂಬ ಫ್ರೆಂಚ್ ಪಾದ್ರಿ ಆ ಊರನ್ನು ಕಂಡು 1712ರಲ್ಲಿ ಒಂದು ಪತ್ರ ಬರೆದ. ಗೆರೆ ಎಳೆಯುವವನು ಒಬ್ಬ, ಬಣ್ಣ ತುಂಬುವವನು ಇನ್ನೊಬ್ಬ. ಒಂದು ಪಾತ್ರೆ ಮುಗಿಯುವುದರೊಳಗೆ ಎಪ್ಪತ್ತು ಕೈ ದಾಟುತ್ತದೆಂದು ತಾನು ಕೇಳಿದ್ದನ್ನು ದಾಖಲಿಸಿದ. ಎಪ್ಪತ್ತು ಕೈ!

ಸಭೆ ಮುಗಿದ ಮೇಲೆ ಉಪನ್ಯಾಸಕರು ಚಹಾ ಕುಡಿಯುತ್ತ, 'ಒಂದಾದರೂ ಕುಂಬಾರನ ಹೆಸರು ಹೇಳಿ ನೋಡೋಣ' ಎಂದರು. ಹೇಳಿದೆ. ತೋಂಗ್ ಬಿನ್. ವಾನ್‌ಲಿಯ ಅರಮನೆಗೆ ಡ್ರ್ಯಾಗನ್ ಚಿತ್ರದ ದೊಡ್ಡ ಹಂಡೆಗಳು ಬೇಕಾಗಿದ್ದವು, ಸುಟ್ಟಾಗಲೆಲ್ಲ ಕೆಡುತ್ತಿದ್ದವು, ಅಧಿಕಾರಿಯ ಹಿಂಸೆ ತಾಳಲಾರದೆ 1599ರಲ್ಲಿ ಆತ ಉರಿಯುವ ಆವಿಗೆಗೆ ಹಾರಿದ ಎಂದು ಅಲ್ಲಿಯ ಜನ ಹೇಳುತ್ತಾರೆ. ಕುಂಬಾರರು ಅವನಿಗೆ ಗುಡಿ ಕಟ್ಟಿ, ಆವಿಗೆಯ ದೇವರೆಂದು ಪೂಜಿಸಿದರು.

ಅವರು ಕಪ್ಪು ಕೆಳಗಿಟ್ಟು, ಆ ಹೆಸರನ್ನು ಹೇಗೆ ಬರೆಯುವುದೆಂದು ಕೇಳಿದರು.